ಮೆಟ್ಟಿಲ ಕೆಳಗಿನ ಮೊಳೆ

ಸೈಕಲ್ ತುಳಿದು ಕಚೇರಿಗೆ ಹೋಗುವುದರಲ್ಲಿ ಇಷ್ಟೊಂದು ಸುಖವಿದೆ ಎಂದು ನನಗೆ ಗೊತ್ತಾದದ್ದು ಐವತ್ತಮೂರನೇ ವಯಸ್ಸಿಗೆ. ಅದೇ ವಾರ ಇನ್ನೊಂದು ಸಂಗತಿಯೂ ಗೊತ್ತಾಯಿತು. ಮೊದಲನೆಯದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಎರಡನೆಯದನ್ನು ಇಬ್ಬರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಹೇಳಲು ಹೋದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಸೈಕಲ್ ನನ್ನದಲ್ಲ, ಮಗಳದು. ಅವಳು ಓದಲು ಬೇರೆ ಊರಿಗೆ ಹೋದ ಮೇಲೆ ಎರಡು ವರ್ಷದಿಂದ ಹಿಂದಿನ ಗೋಡೆಗೆ ಒರಗಿ ನಿಂತಿತ್ತು. ನೇರಳೆ ಬಣ್ಣ, ಮುಂದೊಂದು ಬುಟ್ಟಿ, ಬುಟ್ಟಿಯ ಮೂತಿಗೆ ಪ್ಲಾಸ್ಟಿಕ್ ಹೂವು. ಡಾಕ್ಟರು ನನ್ನ ರಕ್ತಪರೀಕ್ಷೆಯ ಚೀಟಿ ನೋಡಿ "ದಿನಕ್ಕೆ ಎಷ್ಟು ನಡೀತೀರಿ?" ಎಂದಾಗ ನಾನು "ಮಂಚದಿಂದ ಊಟದ ಮೇಜಿನವರೆಗೆ, ಅಲ್ಲಿಂದ ಸ್ಕೂಟರಿನವರೆಗೆ" ಎಂದು ನಗಿಸಲು ಹೋದೆ. ಡಾಕ್ಟರು ನಗಲಿಲ್ಲ. ನನ್ನ ಹೆಂಡತಿಯಂತೂ ಮನೆಗೆ ಬಂದವಳೇ ಸ್ಕೂಟರಿನ ಕೀಲಿ ಎತ್ತಿಟ್ಟಳು.

"ಸೈಕಲ್ ಇದೆ, ಕಾಲೂ ಇದೆ. ಇನ್ನೇನು ಬೇಕು ನಿಮಗೆ?"

"ಹೂವಿನ ಬುಟ್ಟಿ ಕಟ್ಕೊಂಡು ಕಚೇರಿಗೆ ಹೋಗ್ಲಾ? ಮೇಲ್ವಿಚಾರಕ ಕಣೇ ನಾನು!"

"ಬುಟ್ಟೀಲಿ ಊಟದ ಡಬ್ಬಿ ಇಟ್ಕೊಳ್ಳಿ. ಆಗ ಅದು ಮೇಲ್ವಿಚಾರಕರ ಬುಟ್ಟಿ ಆಗುತ್ತೆ."

ಮೊದಲ ನೂರು ಗಜ ಜೀವ ಬಾಯಿಗೆ ಬಂದಿತ್ತು. ಮೂಲೆ ಮನೆಯ ನಾಯಿ ನನ್ನನ್ನು ನೋಡಿ ಬೊಗಳುವುದನ್ನೂ ಮರೆತು ನಿಂತಿತು. ಆಮೇಲೆ ಕಾಲಿಗೆ ಹಳೆಯದೆಲ್ಲ ನೆನಪಾಯಿತು ನೋಡಿ, ಅಲ್ಲಿಂದ ನಾನು ನಾನಾಗಿರಲಿಲ್ಲ! ಇಪ್ಪತ್ತು ವರ್ಷ ಸ್ಕೂಟರಿನಲ್ಲಿ ಓಡಾಡಿದ ಬೀದಿಯಲ್ಲಿ ಒಂದು ಏರು ಇದೆ, ಒಂದು ಇಳಿಜಾರು ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಬೇಕರಿಯವನು ಎಂಟೂಮುಕ್ಕಾಲಿಗೆ ಎರಡನೇ ಸಲ ಬ್ರೆಡ್ ತೆಗೆಯುತ್ತಾನೆ. ಆ ವಾಸನೆ ಬೀದಿಗೆ ಅಡ್ಡಲಾಗಿ ನಿಂತಿರುತ್ತದೆ, ಅದರೊಳಗೆ ಹೊಕ್ಕು ಹೊರಗೆ ಬರಬಹುದು. ಶಾಲೆಯ ಹತ್ತಿರ ಮಕ್ಕಳು ಪ್ರಾರ್ಥನೆಯನ್ನು ರಾಗ ತಪ್ಪಿ ಹಾಡುವುದು ಕೇಳಿಸುತ್ತದೆ. ನಾಲ್ಕು ದಾರಿ ಕೂಡುವಲ್ಲಿ ಕಾರುಗಳೆಲ್ಲ ಹಾರನ್ ಒತ್ತುತ್ತ ನಿಂತಿದ್ದವು. ನಾನು ಅಂಚಿನಲ್ಲಿ ಮೆಲ್ಲಗೆ ನುಸುಳಿ, ಯಾರೂ ಅಡ್ಡ ಇಲ್ಲದಿದ್ದರೂ ಟ್ರಿಣ್ ಎಂದು ಒಮ್ಮೆ ಗಂಟೆ ಬಾರಿಸಿ ಮುಂದೆ ಹೋದೆ. ಇಳಿಜಾರಿನಲ್ಲಿ ಅಂಗಿಯೊಳಗೆ ಗಾಳಿ ತುಂಬಿತು. ನಾನು ಶಿಳ್ಳೆ ಹಾಕುತ್ತಿದ್ದೇನೆ ಎಂದು ಗೊತ್ತಾದದ್ದು ಪೇಪರ್ ಅಂಗಡಿಯವನು ತಲೆ ಎತ್ತಿ ನೋಡಿದಾಗ.

ಇಲ್ಲಿಗೆ ಸುಖದ ಭಾಗ ಮುಗಿಯಿತು.

ನಮ್ಮದು ಊರಿನ ನೀರಿನ ಕೊಳವೆಗಳ ನಕ್ಷೆ ಬರೆದು ಕಾಪಾಡುವ ಕಚೇರಿ. ನೆಲದಡಿ ಯಾವ ಕೊಳವೆ ಎಲ್ಲಿ ಹೋಗುತ್ತದೆ, ಎಲ್ಲಿ ತಿರುಗುತ್ತದೆ ಎಂಬುದು ನಮ್ಮ ಕಾಗದಗಳಿಗೆ ಮಾತ್ರ ಗೊತ್ತು. ಎರಡನೇ ಮಹಡಿ, ಹನ್ನೊಂದು ಜನ. ಹೆಬ್ಬೆರಳು ಒತ್ತುವ ಯಂತ್ರವೊಂದು ಬಂದಿತ್ತು, ಕೆಟ್ಟಿತು, ಈಗ ಅದರ ಮೇಲೆ ಯಾರೋ ಕ್ಯಾಲೆಂಡರ್ ತೂಗುಹಾಕಿದ್ದಾರೆ. ಹಾಗಾಗಿ ನಮ್ಮಲ್ಲಿ ಇನ್ನೂ ಹಾಜರಿ ಪುಸ್ತಕವೇ. ಅದು ನನ್ನ ಮೇಜಿನ ಮೇಲಿರುತ್ತದೆ. ಒಂಬತ್ತು ನಲವತ್ತಕ್ಕೆ ಸರಿಯಾಗಿ, ಕೊನೆಯ ಸಹಿಯ ಕೆಳಗೆ, ನಾನು ಅಳತೆಪಟ್ಟಿ ಇಟ್ಟು ಕೆಂಪು ಗೆರೆ ಎಳೆಯುತ್ತೇನೆ. ಗೆರೆಯ ಕೆಳಗೆ ಸಹಿ ಮಾಡಿದವರು ತಡ. ಮೂರು ತಡಕ್ಕೆ ಅರ್ಧ ದಿನದ ರಜೆ ಹೋಗುತ್ತದೆ. ಸ್ವಂತ ಷಡ್ಡಕನಿಗೂ ನಾನು ಒಂದು ನಿಮಿಷ ಬಿಟ್ಟುಕೊಟ್ಟವನಲ್ಲ. ಅದು ನನ್ನ ಹೆಮ್ಮೆಯಾಗಿತ್ತು. ಇನ್ನೊಂದು ಹೆಮ್ಮೆ, ನಮ್ಮ ಕಚೇರಿಯಲ್ಲಿ ಯಾರೂ ಮುಖ ಗಂಟು ಹಾಕಿಕೊಂಡು ಕೂರುವುದಿಲ್ಲ, ನಾನು ನಗಿಸುತ್ತಲೇ ಇರುತ್ತೇನೆ ಎಂಬುದು.

ಮೊದಲ ದಿನ ನಾನು ಎರಡು ಮಹಡಿ ಹತ್ತಿ ಮೇಜಿನ ಹತ್ತಿರ ಹೋಗುವಷ್ಟರಲ್ಲಿ ಮೈಯೆಲ್ಲ ತೊಪ್ಪೆಯಾಗಿತ್ತು. ಸಹಿ ಮಾಡಲು ಬಗ್ಗಿದೆ. ಹಣೆಯಿಂದ ಒಂದು ಹನಿ ಪುಸ್ತಕದ ಮೇಲೆ ಟಪ್ಪೆಂದು ಬಿತ್ತು.

"ಕೊಡೆ ಬಿಚ್ಚಿರಪ್ಪೋ, ಮಳೆ ಬಂತು!" ಎಂದಳು ಟೈಪಿಸ್ಟಮ್ಮ. ಅವಳು ನನಗಿಂತ ಎರಡು ವರ್ಷ ಚಿಕ್ಕವಳು, ಬಾಯಿ ಮಾತ್ರ ನನಗಿಂತ ಹಿರಿದು. ಕಚೇರಿಗೆ ಕಚೇರಿಯೇ ನಕ್ಕಿತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಚೆನ್ನಾಗಿದೆ ಕಣಮ್ಮ! ಎಲ್ಲಿ ಕಲಿತೆ ಇದನ್ನ?"

"ಅಯ್ಯೋ, ನಿಮ್ಮದೇ ಅಲ್ವಾ ಸರ್? ನಕ್ಷೆಯವರಿಗೆ ಹೇಳಿದ್ರಲ್ಲ. ನಾವು ಆಗಿನಿಂದ ಅದನ್ನೇ ಹೇಳೋದು."

ನನಗೆ ನೆನಪಿರಲಿಲ್ಲ. ನಿಜವಾಗಿಯೂ ಇರಲಿಲ್ಲ. ನನ್ನ ಜೋಕು ಎಂದು ಕೇಳಿ ಇನ್ನೂ ಸ್ವಲ್ಪ ಬೀಗಿದೆ ಕೂಡ.

ನಕ್ಷೆಯವರು ಅಂದರೆ ನಮ್ಮ ಹಿರಿಯ ನಕ್ಷೆಗಾರರು. ಕಂಪ್ಯೂಟರ್ ಬಂದ ಮೇಲೂ ಹಳೆಯ ಕಾಗದಗಳನ್ನು ಕೈಯಲ್ಲಿ ನಕಲು ಮಾಡುವವರು ಅವರೊಬ್ಬರೇ. ಮಾತು ಕಡಿಮೆ, ಅಕ್ಷರ ಮುತ್ತಿನಂಥದ್ದು. ಆ ತಿಂಗಳ ಕೊನೆಗೆ ಅವರ ನಿವೃತ್ತಿ. ಅವರು ಕೆಲಸಕ್ಕೆ ಸೇರಿದ ದಿನದಿಂದ ಸೈಕಲ್ಲಿನಲ್ಲೇ ಬರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ವಾರದಲ್ಲಿ ಬಹುಪಾಲು ದಿನ ಗೆರೆಯ ಕೆಳಗೆ ಬೀಳುತ್ತಾರೆ ಎಂಬುದು ನನಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಎರಡು ನಿಮಿಷ, ಮೂರು ನಿಮಿಷ. ಒಂದು ದಿನವೂ ಕಾರಣ ಹೇಳಿದವರಲ್ಲ, ನಾನೂ ಕೇಳಿದವನಲ್ಲ. ವಯಸ್ಸಾಯಿತು, ಮೈಗಳ್ಳತನ ಎಂದುಕೊಂಡಿದ್ದೆ.

ಎರಡನೇ ದಿನ ನಾನು ಜಾಣನಾದೆ. ಹೆಂಡತಿ ಕೊಟ್ಟ ಬೇರೆ ಅಂಗಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋಗಿ ಹಾಜರಿ ಹಾಕಿದೆ, ಬದಲಾಯಿಸಲು ಜಾಗ ಹುಡುಕಿಕೊಂಡು ಕೆಳಗಿಳಿದೆ. ಶೌಚಾಲಯದಲ್ಲಿ ಕಾಲಿಡಲು ಆಗದಷ್ಟು ನೀರು. ಕೊನೆಗೆ ಮೆಟ್ಟಿಲ ಕೆಳಗೆ, ಮುರಿದ ಕುರ್ಚಿಗಳನ್ನು ರಾಶಿ ಹಾಕಿದ ಕತ್ತಲೆ ಮೂಲೆಗೆ ಹೋದೆ. ಅಲ್ಲಿ ಒಬ್ಬರು ಬರಿ ಬನಿಯನ್ನಿನಲ್ಲಿ ನಿಂತು ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

ನಕ್ಷೆಯವರು.

ಗೋಡೆಯಲ್ಲಿ ಒಂದು ಮೊಳೆ. ಮೊಳೆಗೆ ಅವರ ಅಂಗಿ, ಅದರ ಪಕ್ಕ ಒಂದು ಟವೆಲ್ಲು. ಕುರ್ಚಿಯ ಮುರಿದ ತೋಳಿನ ಮೇಲೆ ಒಂದು ಚೂರು ಕನ್ನಡಿ, ಬಾಚಣಿಗೆ. ಮೊಳೆಯ ಸುತ್ತ ಗೋಡೆ ಬಟ್ಟೆ ತಾಗಿ ತಾಗಿ ನುಣ್ಣಗಾಗಿತ್ತು. ಒಂದು ದಿನದ ಏರ್ಪಾಡಲ್ಲ ಅದು.

ನನ್ನನ್ನು ಕಂಡು ಅವರು ಬೆಚ್ಚಿದರು. ಮೈ ಇನ್ನೂ ಹಸಿಯಾಗಿರುವಾಗಲೇ ಅಂಗಿಯ ತೋಳಿಗೆ ಕೈ ತುರುಕಿದರು.

"ಬಂದೇ ಸರ್. ಇನ್ನೆರಡೇ ನಿಮಿಷ."

ನಾನು ಕೈಗಡಿಯಾರ ನೋಡಿದೆ. ಅದು ಅಭ್ಯಾಸ. ಒಂಬತ್ತು ಮೂವತ್ತೆಂಟು. ಮೇಲೆ ಹತ್ತಿದೆ, ಕುಳಿತೆ, ನಲವತ್ತಾಗುವುದನ್ನೇ ಕಾದೆ, ಅಳತೆಪಟ್ಟಿ ಇಟ್ಟೆ, ಗೆರೆ ಎಳೆದೆ. ಕೈ ತಾನಾಗಿ ಹೋಯಿತು ಎಂದು ಹೇಳಬಹುದಿತ್ತು. ಸುಳ್ಳು. ಗೊತ್ತಿದ್ದೇ ಎಳೆದೆ. ನಲವತ್ತೊಂದಕ್ಕೆ ಅವರು ಬಂದು ಗೆರೆಯ ಕೆಳಗೆ ಸಹಿ ಮಾಡಿ ತಮ್ಮ ಜಾಗಕ್ಕೆ ಹೋದರು. ಅವರ ಬೆನ್ನ ಮೇಲೆ ಅಂಗಿ ಅಂಟಿಕೊಂಡಿತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಬೀರು ತೆರೆದು ಹಳೆಯ ಹಾಜರಿ ಪುಸ್ತಕಗಳನ್ನು ತೆಗೆದೆ. ಯಾಕೆ ತೆಗೆದೆನೋ, ಒಳಗೆ ಏನೋ ಕುಟುಕುತ್ತಿತ್ತು. ಒಂದೊಂದೇ ವರ್ಷ ಹಿಂದೆ ಹೋದೆ. ಐದು ವರ್ಷ ಹಿಂದೆಯೂ ಅವರು ಗೆರೆಯ ಕೆಳಗೆ ಇದ್ದರು. ಆರನೇ ವರ್ಷದ ಪುಸ್ತಕದ ಮೊದಲ ಅರ್ಧದಲ್ಲಿ ಒಂದು ದಿನವೂ ಇರಲಿಲ್ಲ. ಒಂದೇ ಒಂದು ದಿನವೂ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಹುಡುಕಿದರೂ ಸಿಗಲಿಲ್ಲ. ಮತ್ತೆ ಆರನೇ ವರ್ಷಕ್ಕೆ ಬಂದು, ಎಲ್ಲಿಂದ ಶುರುವಾಯಿತು ಎಂದು ಪುಟ ಪುಟ ತಿರುವಿದೆ. ಒಂದು ಗುರುವಾರದಿಂದ. ಅದರ ಹಿಂದಿನ ಪುಟ ಬುಧವಾರದ್ದು. ಅಲ್ಲಿ ನನ್ನ ಸಹಿಯ ಮೇಲೆ ಒಂದು ಹನಿ ಬಿದ್ದು ಶಾಯಿ ಹರಡಿ ನೀಲಿ ಕಲೆಯಾಗಿತ್ತು.

ಆಗ ನೆನಪಾಯಿತು. ಎಲ್ಲವೂ. ಅವರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದದ್ದು, ಬಗ್ಗಿದ್ದು, ಹನಿ ಬಿದ್ದದ್ದು. ನಾನು ಎರಡೂ ಕೈ ತಲೆಯ ಮೇಲೆ ಹಿಡಿದು "ಕೊಡೆ ಬಿಚ್ಚಿರಪ್ಪೋ, ಮಳೆ ಬಂತು!" ಎಂದು ಕೂಗಿದ್ದು. ಅಷ್ಟಕ್ಕೇ ನಿಲ್ಲಿಸದೆ, "ನಿಮ್ಮ ನಕ್ಷೇಲಿ ಕೊಳವೆ ಬರೆಯೋದೇ ಬೇಡ ಬಿಡಿ, ನೀರೇ ಹರೀತಿದೆಯಲ್ಲ!" ಎಂದೂ ಸೇರಿಸಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಆ ಮನುಷ್ಯ ಮಾರನೇ ದಿನದಿಂದ ಮೆಟ್ಟಿಲ ಕೆಳಗೆ ಮೈ ಒಣಗಿಸಿಕೊಂಡು ಮೇಲೆ ಬರತೊಡಗಿದರು. ಅದಕ್ಕೆ ಹಿಡಿದ ನಿಮಿಷಗಳಿಗೆ ನಾನು ಆರು ವರ್ಷ ಕೆಂಪು ಗೆರೆ ಎಳೆದೆ.

ಅದೇ ಬೀರುವಿನಲ್ಲಿ ಅವರ ರಜೆ ಅರ್ಜಿಯೂ ಸಿಕ್ಕಿತು. ದೂರದ ಊರಿನಲ್ಲಿದ್ದ ಮಗಳ ಚೊಚ್ಚಲ ಹೆರಿಗೆಗೆ ಹತ್ತು ದಿನ ಕೇಳಿದ್ದರು. ಕೆಳಗೆ ನನ್ನ ಕೈಬರಹ: "ರಜೆ ಬಾಕಿ ಎರಡು ದಿನ ಮಾತ್ರ." ಉಳಿದದ್ದನ್ನು ಕೆಂಪು ಗೆರೆ ತಿಂದಿತ್ತು. ಅವರು ಎರಡೇ ದಿನಕ್ಕೆ ಹೋಗಿ ಬಂದದ್ದು ನೆನಪಿತ್ತು. ಮಗು ಹುಟ್ಟಿದ್ದು ಅವರು ವಾಪಸು ಬಂದ ಮೇಲೆ. ಅವರು ತಂದ ಸಿಹಿಯನ್ನು ಟೈಪಿಸ್ಟಮ್ಮ ಎಲ್ಲರಿಗೂ ಹಂಚಿದಾಗ ನಾನೂ ಒಂದು ತಿಂದಿದ್ದೆ.

ಆ ಸಂಜೆ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ.

"ನೀವು ನಗಿಸ್ತೀರಿ ಅಂತಲೇ ನಾನು ನಿಮ್ಮನ್ನ ಒಪ್ಪಿದ್ದು," ಎಂದಳು. "ಯಾರನ್ನ ಹಿಡಿದು ನಗಿಸ್ತೀರಿ ಅಂತ ಆಗ ನೋಡ್ಲಿಲ್ಲ."

"ಈಗ ಏನ್ ಮಾಡ್ಲಿ ಹೇಳು."

"ನನ್ನನ್ನ ಕೇಳಿದ್ರೆ? ಅವರ ಹತ್ರ ಹೋಗಿ. ಅವರು ಹೊರಟುಹೋದ ಮೇಲೆ ಇಲ್ಲಿ ಕೂತು ಒದ್ದಾಡಬೇಡಿ."

ಮಾರನೇ ಸಂಜೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಕಾದೆ. ನಕ್ಷೆಯವರು ಬೀಗ ತೆಗೆದು, ಪ್ಯಾಂಟಿನ ಕಾಲಿಗೆ ಕ್ಲಿಪ್ಪು ಹಾಕಿಕೊಂಡರು. ನನ್ನ ನೇರಳೆ ಸೈಕಲ್ಲನ್ನು, ಹೂವಿನ ಬುಟ್ಟಿಯನ್ನು ನೋಡಿದರು. ಯಾರು ಬೇಕಾದರೂ ಒಂದು ಮಾತು ಆಡುತ್ತಿದ್ದರು. ಅವರು ಬಗ್ಗಿ ನನ್ನ ಹಿಂದಿನ ಚಕ್ರ ಹಿಂಡಿ ನೋಡಿ, "ಗಾಳಿ ಕಡಿಮೆ ಇದೆ ಸರ್, ಅದಕ್ಕೇ ಕಾಲು ನೋಯೋದು," ಎಂದರು. ತಮ್ಮ ಪಂಪು ತೆಗೆದು ಗಾಳಿ ಹಾಕಿಯೂ ಕೊಟ್ಟರು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತು ಅವರು ಬೆವರುವುದನ್ನು ನೋಡಿದೆ.

ಜೊತೆಯಲ್ಲೇ ಹೊರಟೆವು. ಪಕ್ಕ ಪಕ್ಕ ಸೈಕಲ್ ತುಳಿಯುವಾಗ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ, ಅದೊಂದು ಉಪಕಾರ. ನಾಲ್ಕು ದಾರಿ ಕೂಡುವ ಜಾಗ ದಾಟುವವರೆಗೆ ಧೈರ್ಯ ಸಾಲಲಿಲ್ಲ.

"ನೀವು ಬೆಳಿಗ್ಗೆ ಹತ್ತು ನಿಮಿಷ ಮುಂಚೆ ಹೊರಡೋಕೆ ಆಗ್ತಿರಲಿಲ್ವಾ?" ಎಂದು ಕೇಳಿದೆ. ಕ್ಷಮೆ ಕೇಳಲು ಬಾಯಿ ತೆರೆದವನ ಬಾಯಿಂದ ಬಂದದ್ದು ಇದು.

"ನಮ್ಮವಳು ಆಸ್ಪತ್ರೇಲಿ ನರ್ಸು, ರಾತ್ರಿ ಪಾಳಿ. ಒಂಬತ್ತಕ್ಕೆ ಮನೆಗೆ ಬರ್ತಾಳೆ. ಅಮ್ಮ ಹಾಸಿಗೆ ಹಿಡಿದಿದ್ದಾರೆ, ಒಬ್ಬರನ್ನೇ ಬಿಟ್ಟು ಬರೋಕಾಗಲ್ಲ. ಅವಳು ಒಳಗೆ ಬಂದಳು, ನಾನು ಹೊರಗೆ ಹೊರಟೆ. ಗೇಟಿಗೆ ಒಂಬತ್ತು ಮೂವತ್ತೈದಕ್ಕೆ ಬಂದೇ ಬರ್ತೀನಿ ಸರ್."

"ಮತ್ತೆ ಸೀದಾ ಮೇಲೆ…" ಎಂದು ನಿಲ್ಲಿಸಿದೆ. "ಆ ದಿನ ನಾನು ಹಾಗೆ ಹೇಳಬಾರದಿತ್ತು. ಕೊಡೆ ಅಂತ. ನನಗೆ ಮರೆತೇ ಹೋಗಿತ್ತು. ತಪ್ಪಾಯ್ತು."



"ಬುಧವಾರ," ಎಂದರು. "ನೀವು ಹೇಳಿದ್ದಕ್ಕೆ ಅಷ್ಟು ಬೇಜಾರಾಗ್ಲಿಲ್ಲ ಸರ್. ಎಲ್ಲರೂ ನಕ್ಕರಲ್ಲ, ಆಗ ನಾನೂ ನಕ್ಕೆ. ಅದು ಇವತ್ತಿಗೂ ಹೋಗಿಲ್ಲ."

ನನಗೆ ಸೈಕಲ್ ಬಿಟ್ಟು ಅಲ್ಲೇ ಎಲ್ಲಾದರೂ ಅಡಗಿಕೊಳ್ಳಬೇಕು ಎನಿಸಿತು. ಮಾತು ಬಾಯಿಗೆ ಬಂದಂತೆ ಸುರಿದೆ. ನಾಳೆಯಿಂದ ಗೆರೆ ಎಳೆಯುವುದಿಲ್ಲ ಎಂದೆ. ಬೀಳ್ಕೊಡುಗೆ ದಿನ ಎಲ್ಲರ ಮುಂದೆ ಎದ್ದು ನಿಂತು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ ಎಂದೆ.

"ಅದೊಂದು ಮಾಡಬೇಡಿ," ಎಂದರು ಅವರು, ಮೊದಲ ಸಲ ದನಿ ಗಟ್ಟಿ ಮಾಡಿ. "ಏನು ಅಂದಿದ್ರಿ ಅಂತ ಹೇಳಬೇಕಾಗುತ್ತಲ್ಲ? ಹೇಳಿದ್ರೆ ಎಲ್ಲರೂ ಇನ್ನೊಂದ್ಸಲ ನಗ್ತಾರೆ. ಗೆರೇನೂ ಎಳೀರಿ. ಇನ್ನು ಎಂಟು ದಿನ ಇದೆ ನನಗೆ. ಈಗ ಬಿಟ್ಟರೆ ಅದು ನಿಮ್ಮ ದೊಡ್ಡತನ ಆಗುತ್ತೆ."

ಶಾಲೆಯ ಹತ್ತಿರ ಅವರ ದಾರಿ ಬೇರೆಯಾಗುತ್ತದೆ. ತಿರುಗುವ ಮುಂಚೆ ಒಂದು ಕಾಲು ಊರಿ ನಿಂತರು. "ಕಚೇರಿ ಹತ್ರ ಬಂದಾಗ ಕೊನೇ ಅರ್ಧ ಮೈಲಿ ನಿಧಾನ ತುಳೀರಿ ಸರ್. ಗಾಳಿಗೇ ಅರ್ಧ ಬೆವರು ಆರುತ್ತೆ. ನನಗೆ ಹಾಗೆ ತುಳಿಯೋಕೆ ಟೈಮ್ ಇರ್ತಿರಲಿಲ್ಲ, ನಿಮಗಿದೆ." ಚುಚ್ಚಿ ಹೇಳಿದ್ದಲ್ಲ ಅದು, ನಿಜವಾಗಿ ಕಲಿಸಿಕೊಟ್ಟದ್ದು. ಅದಕ್ಕೇ ಹೆಚ್ಚು ಚುಚ್ಚಿತು.

ಮಾರನೇ ದಿನದಿಂದ ಕೆಂಪು ಪೆನ್ನನ್ನು ಖಾನೆಯಿಂದ ತೆಗೆಯಲು ನನಗೆ ಕೈ ಬರಲಿಲ್ಲ. ನಕ್ಷೆಯವರು ಎಂದಿನಂತೆ ನಲವತ್ತೊಂದಕ್ಕೋ ನಲವತ್ತೆರಡಕ್ಕೋ ಬರುತ್ತಿದ್ದರು. ಪುಸ್ತಕ ನೋಡುತ್ತಿದ್ದರು. ಗೆರೆ ಇಲ್ಲದ್ದು ಕಂಡು, ಕೊನೆಯ ಸಹಿಯ ಕೆಳಗೆ ಒಂದು ಸಾಲು ಖಾಲಿ ಬಿಟ್ಟು, ಅದರ ಕೆಳಗೆ ಸಹಿ ಮಾಡುತ್ತಿದ್ದರು. ಗೆರೆಗೆ ಜಾಗ ಬಿಟ್ಟು! ನಾನು ಎಳೆಯಲೂ ಇಲ್ಲ, ಆ ಖಾಲಿ ಸಾಲನ್ನು ನೋಡದೆ ಇರಲೂ ಆಗಲಿಲ್ಲ. ಏಳು ದಿನ, ಏಳು ಖಾಲಿ ಸಾಲು.

ಎಂಟನೇ ದಿನ, ಅವರ ಕೊನೆಯ ದಿನ, ನಾನು ಮನೆ ಬಿಡುವಾಗಲೇ ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿದ್ದೆ. ಅವರು ಗೇಟಿಗೆ ಬರುವ ಹೊತ್ತಿಗೆ ಅಲ್ಲಿ ನಿಂತಿರಬೇಕು, ಅವರನ್ನು ಮೆಟ್ಟಿಲ ಕೆಳಗೆ ಹೋಗಲು ಬಿಡಬಾರದು, ಬೆವರಿದ ಮೈಯಲ್ಲೇ ಇಬ್ಬರೂ ಒಟ್ಟಿಗೆ ಮೇಲೆ ಹತ್ತಬೇಕು, ನಗುವವರು ನನ್ನನ್ನು ನೋಡಿ ನಗಲಿ. ಆದರೆ ದಾರಿಯಲ್ಲಿ ಸರಪಳಿ ಕಳಚಿತು. ಅದನ್ನು ಏರಿಸುವಷ್ಟರಲ್ಲಿ ಕೈಯೆಲ್ಲ ಕಪ್ಪು, ಹೊತ್ತೂ ಮೀರಿತು. ಬ್ರೆಡ್ಡಿನ ವಾಸನೆ, ಇಳಿಜಾರು ಯಾವುದೂ ತಿಳಿಯದಂತೆ ತುಳಿದೆ. ಗೇಟಿನಲ್ಲಿ ಅವರಿಲ್ಲ. ಮೆಟ್ಟಿಲ ಕೆಳಗೆ ಬಗ್ಗಿ ನೋಡಿದೆ. ಮೊಳೆ ಇತ್ತು. ಅಂಗಿ ಇರಲಿಲ್ಲ, ಟವೆಲ್ಲಿರಲಿಲ್ಲ, ಕನ್ನಡಿಯ ಚೂರೂ ಇರಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದೆ.

ನಕ್ಷೆಯವರು ತಮ್ಮ ಮೇಜಿನಲ್ಲಿ ಕುಳಿತಿದ್ದರು. ಇಸ್ತ್ರಿ ಮಾಡಿದ ಹೊಸ ಅಂಗಿ, ಬಾಚಿದ ತಲೆ, ಒಣಗಿದ ಮುಖ.

"ನಕ್ಷೆಯವರು ಒಂಬತ್ತಕ್ಕೇ ಬಂದು ಬಾಗಿಲು ತೆಗೆಸಿದ್ರಂತೆ ಸರ್," ಎಂದಳು ಟೈಪಿಸ್ಟಮ್ಮ. "ಅವರ ಮನೆಯವರು ಇವತ್ತು ರಜೆ ಹಾಕಿದ್ದಾರಂತೆ."

ಹಾಜರಿ ಪುಸ್ತಕದಲ್ಲಿ ಮೊದಲ ಸಾಲಿನಲ್ಲಿ, ಎಲ್ಲರಿಗಿಂತ ಮೇಲೆ, ಅವರ ಸಹಿ ಇತ್ತು. ಶಾಯಿಪೆನ್ನಿನಲ್ಲಿ, ಪೂರ್ತಿ ಹೆಸರು, ನಕ್ಷೆಯ ಮೇಲೆ ಬರೆಯುವಂಥ ಅಕ್ಷರ. ನಾನು ಮನ್ನಿಸಲು ಅವರು ಏನನ್ನೂ ಉಳಿಸಿರಲಿಲ್ಲ. ನಾನು ಏದುಸಿರು ಬಿಡುತ್ತ, ಕಪ್ಪು ಮೆತ್ತಿದ ಕೈಯಲ್ಲಿ ಪೆನ್ನು ಹಿಡಿದು ಬಗ್ಗಿದೆ. ಹಣೆಯ ಹನಿ ಜಾರಿ ನೇರವಾಗಿ ಅವರ ಹೆಸರಿನ ಮೇಲೆ ಬಿತ್ತು. ಶಾಯಿ ಕದಡಿತು, ಮೆಲ್ಲಗೆ ಹರಡಿತು.

ಟೈಪಿಸ್ಟಮ್ಮನ ಬಾಯಿ ಅರ್ಧ ತೆರೆದಿತ್ತು, ಮಾತು ತುಟಿಗೆ ಬಂದಿತ್ತು. ಹೇಳಲಿ ಎಂದೇ ನಾನು ಕಾದೆ. ಎಲ್ಲರೂ ನಗಲಿ, ನನ್ನ ಪಾಪ ಒಂದಿಷ್ಟಾದರೂ ಕಳೆಯಲಿ ಎಂದು ಬಗ್ಗಿಯೇ ಇದ್ದೆ. ಅಷ್ಟರಲ್ಲಿ ನಕ್ಷೆಯವರು ಎದ್ದು ಬಂದರು. ಚೀಲದಿಂದ ಆ ಟವೆಲ್ಲು ತೆಗೆದು ನನ್ನ ಕೈಗೆ ಕೊಟ್ಟರು. ಆಮೇಲೆ ಪುಸ್ತಕದ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು, ಹಳೆಯ ನಕ್ಷೆಯಲ್ಲಿ ಅಳಿಸಿದ ಗೆರೆ ನೋಡುವ ಹಾಗೆ.

"ಇರಲಿ ಬಿಡಿ ಸರ್," ಎಂದರು. "ಹೆಸರು ಓದೋಕೆ ಬರುತ್ತೆ. ಮುಖ ಒರೆಸ್ಕೊಳ್ಳಿ."

ಯಾರೂ ನಗಲಿಲ್ಲ. ನಾನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡೆ, ಒರೆಸಲು ಬೇಕಾದದ್ದಕ್ಕಿಂತ ಜಾಸ್ತಿ ಹೊತ್ತು. ಮಧ್ಯಾಹ್ನದ ಬೀಳ್ಕೊಡುಗೆಯಲ್ಲಿ ಅವರ ಅಕ್ಷರದ ಬಗ್ಗೆ, ಗೆರೆಗಳ ಬಗ್ಗೆ ಮೂರು ನಿಮಿಷ ಮಾತಾಡಿ ಕುಳಿತೆ. ಒಂದೂ ಜೋಕು ಹೇಳಲಿಲ್ಲ. ಸಾಹೇಬರಿಗೆ ಇವತ್ತು ಏನೋ ಆಗಿದೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು.

ಈಗ ಆ ಮೊಳೆಗೆ ನನ್ನ ಅಂಗಿ ನೇತುಹಾಕುತ್ತೇನೆ. ಬೆಳಗಿನ ದಾರಿ ಈಗಲೂ ಅಷ್ಟೇ ಚಂದ. ಬೇಕರಿ ಇದೆ, ಇಳಿಜಾರಿದೆ, ಶಿಳ್ಳೆಯೂ ಒಮ್ಮೊಮ್ಮೆ ತಾನಾಗಿ ಬರುತ್ತದೆ. ಕೊನೆಯ ಅರ್ಧ ಮೈಲಿ, ಅವರು ಹೇಳಿಕೊಟ್ಟ ಹಾಗೆ, ನಿಧಾನ ತುಳಿಯುತ್ತೇನೆ. ಆಮೇಲೆ ಮೆಟ್ಟಿಲ ಕೆಳಗೆ ನಿಂತು ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತೇನೆ. ಮೈ ಒಣಗಲು ಆರು ನಿಮಿಷ ಬೇಕು. ಗಡಿಯಾರ ಹಿಡಿದು ನೋಡಿದ್ದೇನೆ.